ಮುಚ್ಚಿದ ಅಂಗಡಿಯ ಮುಂದೆ ಅಳುವವರಿಗೆ

ಬೀದರ್ ಜಿಲ್ಲೆಯ ಹೆಣ್ಣುಮಕ್ಕಳಿಗೆ ಹೈದರಾಬಾದಿನ ಆಬಿಡ್ಸ್ ಗೊತ್ತಿಲ್ಲದೆ ಇರುವುದಿಲ್ಲ. ಮದುವೆ ಜವಳಿಗೆಂದು ಹೋಗಿ, ಸೀರೆಯ ಗಂಟು, ನಿದ್ದೆಗಣ್ಣಿನ ಕೂಸು, ರೊಟ್ಟಿಯ ಡಬ್ಬಿ ಎಲ್ಲವನ್ನೂ ಹೊತ್ತುಕೊಂಡು ಆ ಸ್ಟಾಪಿನಲ್ಲಿ ಇಳಿದವರೇ ನಾವೆಲ್ಲ. ಕಂಡಕ್ಟರ್ "ಆಬಿಡ್ಸ್, ಆಬಿಡ್ಸ್" ಎಂದು ಕೂಗುತ್ತಾನೆ, ನಾವು ಇಳಿಯುತ್ತೇವೆ. ಅದು ಯಾರ ಹೆಸರು ಎಂದು ಕೇಳುವುದಿಲ್ಲ. ನಾನೂ ಬಹಳ ವರ್ಷ ಕೇಳಿರಲಿಲ್ಲ. ಅದು ದೇವರ ಹೆಸರಲ್ಲ, ನವಾಬರ ಹೆಸರಲ್ಲ. ಒಂದು ಅಂಗಡಿಯ ಹೆಸರು.

ಬೀದರ್ ಇನ್ನೂ ನಿಜಾಮರ ರಾಜ್ಯದಲ್ಲಿದ್ದ ಕಾಲ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಉಡುಗೆ ತೊಡುಗೆ ನೋಡಿಕೊಳ್ಳಲು ಆಲ್ಬರ್ಟ್ ಆಬಿಡ್ ಎಂಬ ಆರ್ಮೇನಿಯಾ ಮೂಲದ ಸೇವಕನಿದ್ದ. ಆತ ಅರಮನೆಯ ನಂಬಿಕೆ ಗಳಿಸಿ, ಕೈಯಲ್ಲಿ ದುಡ್ಡು ಕೂಡಿಸಿಕೊಂಡು, ಊರಿನ ನಡುವೆ ದೊಡ್ಡದೊಂದು ಅಂಗಡಿ ತೆರೆದ. ವಿಲಾಯತಿ ಸಾಮಾನೆಲ್ಲ ಅಲ್ಲಿ ಒಂದೇ ಸೂರಿನಡಿ ಸಿಗುತ್ತಿತ್ತು. ಒಮ್ಮೆ ಉಟ್ಟದ್ದನ್ನು ಇನ್ನೊಮ್ಮೆ ಉಡದವರೆಂದು ಈ ನಿಜಾಮರು ಹೆಸರಾದವರು. ಅವರು ಒಂದು ದಿನ ಹಾಕಿ ಬಿಟ್ಟ ಕಾಲುಚೀಲಗಳನ್ನು ಆಬಿಡ್ ಒಯ್ದು, ಒಗೆಸಿ, ಮಡಿಸಿ, ತನ್ನ ಅಂಗಡಿಯಿಂದ ಮತ್ತೆ ಅವರಿಗೇ ಮಾರುತ್ತಿದ್ದ ಎಂದು ಹೈದರಾಬಾದಿನ ಹಳಬರು ನಗುತ್ತ ಕತೆ ಹೇಳುತ್ತಾರೆ. ನಿಜಾಮರು 1911ರಲ್ಲಿ ತೀರಿಕೊಂಡರು. ಆಬಿಡ್ ದೇಶ ಬಿಟ್ಟು ಹೋದ. ಅಂಗಡಿಯೂ ಹೋಯಿತು. ಹೆಸರೊಂದು ಬಸ್ ಸ್ಟಾಪಾಗಿ ಉಳಿಯಿತು. ಈ ಕಾಲುಚೀಲದ ಕತೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಮಾತೆಲ್ಲ ಬರೆಯಲು ಕಾರಣ ನಮ್ಮ ಸ್ಟಾಫ್ ರೂಮಿನ ಒಂದು ಜಗಳ. ನಾನು ಬೀದರಿನಿಂದ ಔರಾದ್ ತಾಲೂಕಿನ ಒಂದು ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವವಳು. ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ಹಳೆಯ ಅಂಗಡಿಗಳ ಮಾತು ಬಂತು. ಬೀದರಿನ ಹಳೇ ಊರಿನಲ್ಲಿ, ಚೌಬಾರಾದಿಂದ ನಡೆದುಕೊಂಡು ಹೋಗುವಷ್ಟು ದೂರದಲ್ಲಿ ಒಂದು ಸಹಕಾರಿ ಅಂಗಡಿ ಇತ್ತು. ಬೋರ್ಡಿನ ಮೇಲೆ ಏನೇ ಬರೆದಿರಲಿ, ನಮ್ಮ ಬಾಯಲ್ಲಿ ಅದು ಜನತಾ ಬಜಾರ್. ನನಗಿಂತ ಎರಡು ವರ್ಷ ದೊಡ್ಡವರಾದ ಸಹೋದ್ಯೋಗಿಯೊಬ್ಬರು ನಿಟ್ಟುಸಿರು ಬಿಟ್ಟು, "ಎಷ್ಟು ಚಲೋ ಅಂಗಡಿ ಇತ್ತು ಮೇಡಂ. ಈ ಮಾರ್ಟು ಬಂತು, ಈ ಮೊಬೈಲ್ ಬಂತು, ಎಲ್ಲಾ ತಿಂದು ಹಾಕಿದವು ನೋಡ್ರಿ" ಎಂದರು. ಉಳಿದವರೂ "ಹೌದ್ರೀ, ಹೌದ್ರೀ" ಎಂದರು. ಒಬ್ಬರ ಕಣ್ಣಲ್ಲಿ ನೀರೇ ಬಂತು.

ನನಗೆ ತಡೆಯಲಾಗಲಿಲ್ಲ. "ಮಾರ್ಟೂ ಅಲ್ಲ, ಮೊಬೈಲೂ ಅಲ್ಲ. ಅದನ್ನು ಕೊಂದವರು ಇಲ್ಲೇ ಕೂತು ರೊಟ್ಟಿ ತಿನ್ನುತ್ತಿದ್ದೇವೆ" ಎಂದುಬಿಟ್ಟೆ. ಎಲ್ಲರಿಗೂ ಸಿಟ್ಟು ಬಂತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಅಂದು ಹೇಳಲಾಗದೆ ಉಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ನನ್ನ ಮಾತು ಕಹಿ ಎನಿಸಿದರೆ ಕ್ಷಮಿಸಿ, ಆದರೆ ಪೂರ್ತಿ ಓದಿ.

ಮೊದಲು ಆ ಅಂಗಡಿ ನಮಗೆ ಏನಾಗಿತ್ತು ಎಂಬುದನ್ನು ಹೇಳುತ್ತೇನೆ. ಅಳುವವರ ದುಃಖ ಸುಳ್ಳೆಂದು ನಾನು ಎಂದೂ ಹೇಳುವುದಿಲ್ಲ.

ನಾನು ಭಾಲ್ಕಿಯಲ್ಲಿ ಬೆಳೆದವಳು. ನಮ್ಮ ಓಣಿಯ ಕಿರಾಣಿ ಅಂಗಡಿಯ ಸಾವ್ಕಾರರು ಗಾದಿಯ ಮೇಲೆ ಕೂತಿರುತ್ತಿದ್ದರು. ಗಂಡಸರು ಬಂದರೆ ಮೊದಲು ಅವರಿಗೆ ಸಾಮಾನು. ಅವ್ವ ಸೆರಗು ಹೊದ್ದುಕೊಂಡು ಕಟ್ಟೆಯ ಕೆಳಗೆ ನಿಂತಿರಬೇಕು. ಸಕ್ಕರೆಯ ಭಾವ ಇವತ್ತೊಂದು, ನಾಳೆಯೊಂದು. ತಕ್ಕಡಿಯ ಮುಳ್ಳು ಸಾವ್ಕಾರರ ಕಡೆಗೆ. ಉದ್ರಿ ಖಾತೆಯಲ್ಲಿ ಏನು ಬರೆದರೋ ಅವ್ವನಿಗೆ ಓದಲು ಬಾರದು. ಲೆಕ್ಕ ಅವರದು, ಹೆಬ್ಬೆಟ್ಟು ನಮ್ಮದು. ಜವಳಿ ಅಂಗಡಿಯ ಕತೆ ಇನ್ನೊಂದು. ಅವರು ಇಪ್ಪತ್ತು ಸೀರೆ ಬಿಚ್ಚಿ ಹಾಕಿದ ಮೇಲೆ ಒಂದನ್ನೂ ಕೊಳ್ಳದೆ ಎದ್ದು ಬರುವುದು ಮರ್ಯಾದೆಯ ಪ್ರಶ್ನೆ. ಹಾಗಾಗಿ ಹೆಂಗಸರು ಅಂಗಡಿಗೆ ಹೋಗುವುದೆಂದರೆ ಗಂಡನ ಅಥವಾ ಮೈದುನನ ಬೆನ್ನ ಹಿಂದೆ ಹೋಗುವುದು ಎಂದೇ ಅರ್ಥ.

ಹಬ್ಬಕ್ಕೊಮ್ಮೆ, ಜೂನ್ ತಿಂಗಳಲ್ಲಿ ಶಾಲೆ ಶುರುವಾಗುವಾಗೊಮ್ಮೆ ಅವ್ವ ನಮ್ಮನ್ನು ಕರೆದುಕೊಂಡು ರೈಲು ಹತ್ತಿ ಬೀದರಿಗೆ ಬರುತ್ತಿದ್ದಳು. ಆ ಸಹಕಾರಿ ಅಂಗಡಿಯೊಳಗೆ ಕಾಲಿಟ್ಟರೆ ಅವ್ವ ಬೇರೆಯೇ ಹೆಂಗಸು. ಒಂದು ಕಡೆ ಬ್ಯಾಳಿ, ಬೆಲ್ಲ, ಎಣ್ಣೆ. ಒಂದು ಕಡೆ ಸ್ಟೀಲ್ ಪಾತ್ರೆ. ಇನ್ನೊಂದು ಕಡೆ ಧೋತರ, ಸೀರೆ, ಟವೆಲ್. ಮೂಲೆಯಲ್ಲಿ ನೋಟ್‌ಬುಕ್ಕು, ಕಂಪಾಸ್ ಪೆಟ್ಟಿಗೆ, ಶಾಯಿ. ಪ್ರತಿಯೊಂದರ ಮೇಲೂ ಬೆಲೆಯ ಚೀಟಿ. ಈಗಿನ ಹುಡುಗಿಯರಿಗೆ ಇದರಲ್ಲಿ ಏನು ವಿಶೇಷ ಎನಿಸಬಹುದು. ಎಲ್ಲ ತೆರಿಗೆಯೂ ಸೇರಿದ ಗರಿಷ್ಠ ಬೆಲೆಯನ್ನು ಪೊಟ್ಟಣದ ಮೇಲೆ ಅಚ್ಚು ಹಾಕಬೇಕೆಂಬ ನಿಯಮ ಬಂದದ್ದೇ 1990ರ ಸುಮಾರಿಗೆ. ಅದಕ್ಕೆ ಮುಂಚೆ 'ಸ್ಥಳೀಯ ತೆರಿಗೆ ಬೇರೆ' ಎಂಬ ಒಂದು ಸಾಲಿನ ಮರೆಯಲ್ಲಿ ಅಂಗಡಿಯವರು ಹೇಳಿದ್ದೇ ಭಾವ. ಅಂಥ ದಿನಗಳಲ್ಲಿ ಅಕ್ಷರ ಬಾರದ ಅವ್ವ ಅಂಕಿ ಮಾತ್ರ ಗುರುತು ಹಿಡಿದು, ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡಿ, ಬೇಡವಾದರೆ ವಾಪಸ್ ಇಟ್ಟು, ಯಾರ ಅಪ್ಪಣೆಯೂ ಇಲ್ಲದೆ ಒಂದು ಗಂಟೆ ತಿರುಗಾಡುತ್ತಿದ್ದಳು. ಒಂದನ್ನೂ ಕೊಳ್ಳದೆ ಹೊರಗೆ ಬಂದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ತಕ್ಕಡಿಯ ಮುಳ್ಳು ನಮ್ಮ ಕಡೆಗೂ ಕಾಣುತ್ತಿತ್ತು. ಹಣ ಕೊಟ್ಟರೆ ರಸೀದಿ. ಆ ರಸೀದಿಗಳನ್ನು ಅವ್ವ ದೇವರ ಗೂಡಿನಲ್ಲಿ ಇಡುತ್ತಿದ್ದಳು.

ಇಂಥ ಅಂಗಡಿ ತಾನಾಗಿ ಹುಟ್ಟಿದ್ದಲ್ಲ. 1962ರಲ್ಲಿ ಚೀನಾ ಯುದ್ಧ ಬಂದಾಗ ಸಾಮಾನಿನ ಭಾವ ಏರತೊಡಗಿತು. ಆಗ ಕೇಂದ್ರ ಸರ್ಕಾರ ಊರೂರಲ್ಲಿ ಬಳಕೆದಾರರ ಸಹಕಾರಿ ಭಂಡಾರಗಳನ್ನು ತೆರೆಯುವ ಯೋಜನೆ ಮಾಡಿತು. 1966ರ ಜೂನ್ ತಿಂಗಳಲ್ಲಿ ರೂಪಾಯಿಯ ಬೆಲೆ ಇಳಿಸಿದರು. ಅದುವರೆಗೆ ಒಂದು ಡಾಲರಿಗೆ 4 ರೂಪಾಯಿ 76 ಪೈಸೆ ಇದ್ದದ್ದು ಏಳೂವರೆ ರೂಪಾಯಿ ಆಯಿತು. ಜನ ಗಾಬರಿಯಾದರು. ಮರುತಿಂಗಳೇ ದಿಲ್ಲಿಯ ಕನಾಟ್ ಪ್ಲೇಸಿನಲ್ಲಿ ಸೂಪರ್ ಬಜಾರ್ ಬಾಗಿಲು ತೆರೆಯಿತು. ನಮ್ಮ ರಾಜ್ಯದಲ್ಲಿ ಇಂಥವುಗಳಿಗೆ ಜನತಾ ಬಜಾರ್ ಎಂಬ ಹೆಸರು ನಿಂತಿತು. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಜನತಾ ಬಜಾರ್ ಎಲ್ಲಕ್ಕೂ ಹೆಸರುವಾಸಿ. ಮೆಜೆಸ್ಟಿಕ್‌ನಲ್ಲಿ ಸಿನಿಮಾ ನೋಡಿ, ಜನತಾ ಬಜಾರ್ ಹೊಕ್ಕು ಬರುವುದು ಅಲ್ಲಿನವರಿಗೆ ಒಂದು ಪದ್ಧತಿಯೇ ಆಗಿತ್ತು. 1975ರ ಇಪ್ಪತ್ತು ಅಂಶಗಳ ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳಿಗೆ ಪುಸ್ತಕ ಮತ್ತು ಬರೆಯುವ ಸಾಮಗ್ರಿಯನ್ನು ನಿಯಂತ್ರಿತ ಬೆಲೆಯಲ್ಲಿ ಕೊಡಬೇಕು ಎಂಬುದೂ ಒಂದು. ನಾನು ಬರೆದು ಕಲಿತದ್ದು ಆ ಕಂಟ್ರೋಲ್ ರೇಟಿನ ನೋಟ್‌ಬುಕ್ಕಿನಲ್ಲಿಯೇ. ಕಾಗದ ಒರಟು, ಶಾಯಿ ಹರಡುತ್ತಿತ್ತು. ಆದರೆ ನಾಲ್ಕು ಮಕ್ಕಳಿಗೂ ಪುಸ್ತಕ ಸಿಕ್ಕಿತು. ಹೆಣ್ಣುಮಕ್ಕಳದನ್ನು ಬಿಟ್ಟು ಗಂಡುಮಕ್ಕಳಿಗಷ್ಟೇ ತರುವ ಪ್ರಸಂಗ ನಮ್ಮ ಮನೆಯಲ್ಲಿ ಬರಲಿಲ್ಲ. ನಾನು ಬಿ.ಎ., ಬಿ.ಎಡ್. ಆದದ್ದರಲ್ಲಿ ಆ ಅಂಗಡಿಯ ಪಾಲೂ ಇದೆ.

ಈಗ ಜಗಳದ ಮಾತಿಗೆ ಬರುತ್ತೇನೆ.

ಅವ್ವ ಎಮ್ಮೆಯ ಹಾಲು ಮಾರಿ, ಚಹಾದ ಡಬ್ಬಿಯಲ್ಲಿ ಚಿಲ್ಲರೆ ಕೂಡಿಸಿ, ಆ ಅಂಗಡಿಯ ಒಂದು ಷೇರು ಕೊಂಡಿದ್ದಳು. ಹತ್ತು ರೂಪಾಯಿ. ದುಡ್ಡು ಅವ್ವನದು, ಷೇರು ಅಪ್ಪನ ಹೆಸರಿಗೆ. ಅರ್ಜಿ ಬರೆದುಕೊಂಡವರು ಅವ್ವನ ಹೆಸರು ಕೇಳಲೇ ಇಲ್ಲ. ಅವ್ವನೂ ಹೇಳಲಿಲ್ಲ. ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆಯ ನೋಟೀಸು ಅಪ್ಪನ ಹೆಸರಿಗೆ ಅಂಚೆಯಲ್ಲಿ ಬರುತ್ತಿತ್ತು. ಅಪ್ಪ ಒಂದೇ ಒಂದು ಸಲ ಹೋಗಿ ಬಂದರು. "ಏನಾಯ್ತ್ರೀ ಸಭಾದಾಗ?" ಎಂದು ಅವ್ವ ಕೇಳಿದಳು. "ಶಿರಾ ಮಾಡಿಸಿದ್ದರು, ಚಲೋ ಇತ್ತು" ಎಂದರು ಅಪ್ಪ. ತಿಂಗಳ ಸಾಮಾನು ಆರಿಸುವವಳು, ತೂಕ ನೋಡುವವಳು, ಯಾವ ಎಣ್ಣೆ ಕಮಟು, ಯಾವ ಬ್ಯಾಳಿ ಬೇಯುವುದಿಲ್ಲ ಎಂದು ಬಲ್ಲವಳು ಮನೆಯಲ್ಲಿ ಉಳಿದಳು. ಅಡುಗೆಮನೆ ಹೊಗದವರು ಹೋಗಿ ಶಿರಾ ತಿಂದು, ಕೈ ಎತ್ತಿ, ಜಮಾಖರ್ಚು ಮಂಜೂರು ಮಾಡಿ ಬಂದರು. ಬೀದರಿನಲ್ಲಿ ಒಂದೇ ಮನೆಯಲ್ಲಿ ಹೀಗಾಯಿತೇ? ನಿಮ್ಮ ಮನೆಯಲ್ಲಿ ನೆನಪು ಮಾಡಿಕೊಳ್ಳಿ.

ಅಪ್ಪನನ್ನಷ್ಟೇ ಬಯ್ದು ನಾನು ತಪ್ಪಿಸಿಕೊಳ್ಳುವುದಿಲ್ಲ. ನೌಕರಿ ಸಿಕ್ಕಿದ ಮೇಲೆ ನಾನು ನನ್ನದೇ ಹೆಸರಿನಲ್ಲಿ ಷೇರು ತೆಗೆದುಕೊಂಡೆ. ಓದಲು ಬರುತ್ತಿತ್ತು, ಬರೆಯಲು ಬರುತ್ತಿತ್ತು, ಸಂಬಳ ನನ್ನ ಕೈಗೇ ಬರುತ್ತಿತ್ತು. ಪ್ರತಿ ವರ್ಷ ನೋಟೀಸು ಬಂತು. ಹಿಂದೆ ಅಚ್ಚಾದ ಜಮಾಖರ್ಚಿನ ಪಟ್ಟಿಯೂ ಇರುತ್ತಿತ್ತು. ನಾನು ಅದನ್ನು ಮಸಾಲೆ ಡಬ್ಬಿಗಳ ಕೆಳಗೆ ಹಾಸಿದೆ. ಒಂದು ಸಲವೂ ಸಭೆಗೆ ಹೋಗಲಿಲ್ಲ. ಕಂಟ್ರೋಲ್ ಸಕ್ಕರೆ, ಪಾಮೋಲಿನ್ ಎಣ್ಣೆ ಬಂದಿದೆ ಎಂದು ಸುದ್ದಿ ಬಂದ ದಿನ ಥೈಲಿ ಹಿಡಿದು ಓಡಿದೆ. ಉಳಿದ ದಿನ ಓಣಿಯ ಅಂಗಡಿಯಲ್ಲಿ ಉದ್ರಿ ತಂದೆ. ನಮ್ಮ ಬಳಗದವರೊಬ್ಬರು ತಮ್ಮ ಮಗನಿಗೆ ಅಲ್ಲಿ ಕೆಲಸ ಕೊಡಿಸಲು ಓಡಾಡಿದಾಗ "ದೇವರು ಒಳ್ಳೇದು ಮಾಡಲಿ" ಎಂದೆನೇ ಹೊರತು, ಆ ಅಂಗಡಿಗೆ ಇನ್ನೊಬ್ಬ ಗುಮಾಸ್ತ ಬೇಕೋ ಬೇಡವೋ ಎಂದು ಯೋಚಿಸಲಿಲ್ಲ.

ಇದೇ ಆ ಅಂಗಡಿಯ ರೋಗ. ದಿಲ್ಲಿಯದಾಗಲಿ, ಬೆಂಗಳೂರಿನದಾಗಲಿ, ನಮ್ಮದಾಗಲಿ, ರೋಗ ಬಹಳ ಮಟ್ಟಿಗೆ ಒಂದೇ. ಸರ್ಕಾರ ಬಂಡವಾಳ ಹಾಕಿತು, ಹಾಗಾಗಿ ಅಧಿಕಾರಿಗಳೂ ಬಂದರು. ಚುನಾವಣೆ ಇಲ್ಲದ ವರ್ಷಗಳಲ್ಲಿ ಆಡಳಿತಾಧಿಕಾರಿ, ಚುನಾವಣೆ ಇದ್ದ ವರ್ಷಗಳಲ್ಲಿ ಯಾರದೋ ಪಕ್ಷದವರು. ಕಂಟ್ರೋಲ್ ಸಾಮಾನು ಮಾರಿದರೆ ಸಾಕು, ಗಿರಾಕಿ ತಾನೇ ಸಾಲು ನಿಲ್ಲುತ್ತಾನೆ. ಆದ್ದರಿಂದ ವ್ಯಾಪಾರ ಕಲಿಯುವ ಗರಜೇ ಬೀಳಲಿಲ್ಲ. ಆಫೀಸುಗಳಿಗೆ, ಹಾಸ್ಟೆಲುಗಳಿಗೆ ಉದ್ರಿ ಕೊಟ್ಟು ಬಾಕಿ ಬೆಳೆಸಿಕೊಂಡರು. 1991ರ ನಂತರ ಕಂಟ್ರೋಲುಗಳು ಒಂದೊಂದಾಗಿ ಸಡಿಲವಾದವು. ಸಾಲು ಕರಗಿತು. ಸಾಲು ಕರಗಿದ ಮೇಲೆ ನೋಡಿದರೆ ಒಳಗೆ ಅಂಗಡಿಯೇ ಇರಲಿಲ್ಲ. ನಮ್ಮ ಅಂಗಡಿಯ ಕೊನೆಯ ವರ್ಷಗಳು ನನಗೆ ಚೆನ್ನಾಗಿ ನೆನಪಿವೆ. ಗಿರಾಕಿ ಒಳಗೆ ಬಂದರೆ ಟ್ಯೂಬ್‌ಲೈಟ್ ಹಾಕುತ್ತಿದ್ದರು, ಹೋದರೆ ಆರಿಸುತ್ತಿದ್ದರು. ಕಪಾಟಿನಲ್ಲಿ ಫಿನೈಲು, ಪೊರಕೆ, ಧೂಳು ಹಿಡಿದ ಪಿಂಗಾಣಿ. "ಬ್ಯಾಳಿ ಇದೆಯಾ?" ಎಂದರೆ, "ಬರಬೇಕು ಟೀಚರ್" ಎನ್ನುತ್ತಿದ್ದರು. ತೊಗರಿ ಬೆಳೆಯುವ ಜಿಲ್ಲೆಯಲ್ಲಿ ಬ್ಯಾಳಿ ಎಲ್ಲಿಂದ ಬರಬೇಕಿತ್ತೋ!

ಒಂದು ದಿನ ಶಟರ್ ಇಳಿಯಿತು, ಮತ್ತೆ ಏರಲಿಲ್ಲ. ಆಗ ಬೀದರಿನಲ್ಲಿ ಈಗಿನಂಥ ದೊಡ್ಡ ಮಾರ್ಟುಗಳೂ ಇರಲಿಲ್ಲ, ಮೊಬೈಲಿನಲ್ಲಿ ಸಾಮಾನು ತರಿಸುವ ಪದ್ಧತಿಯೂ ಇರಲಿಲ್ಲ. ಈಗ ಹೇಳಿ, ಅದನ್ನು ತಿಂದವರು ಯಾರು?

ದಿಲ್ಲಿಯ ಸೂಪರ್ ಬಜಾರಿಗೂ ಇದೇ ಗತಿ. 2002ರಲ್ಲಿ ಅದನ್ನು ಮುಚ್ಚಲು ಆದೇಶವಾಯಿತು. 2009ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎಬ್ಬಿಸಿ ನಿಲ್ಲಿಸಲು ಒಂದು ಖಾಸಗಿ ಕಂಪನಿಗೆ ಅವಕಾಶ ಕೊಟ್ಟಿತು, ಹಳೆಯ ಕಳೆ ಮಾತ್ರ ಮರಳಲಿಲ್ಲ. ಬೆಂಗಳೂರಿನ ಕತೆ ಇನ್ನೂ ಯೋಚಿಸುವಂಥದ್ದು. ಕೆಂಪೇಗೌಡ ರಸ್ತೆಯ ಆ ಹಳೆಯ ಕಟ್ಟಡವನ್ನು ಕೆಡವಿ ಹೊಸ ಸಂಕೀರ್ಣ ಕಟ್ಟುತ್ತೇವೆಂದು ಮಾತು ಬಂದಾಗ, ಪಾರಂಪರಿಕ ಕಟ್ಟಡ ಉಳಿಸಿ ಎಂದು ಸಜ್ಜನರು ಎದ್ದು ನಿಂತರು, ನ್ಯಾಯಾಲಯಕ್ಕೂ ಹೋದರು. ಒಳ್ಳೆಯದೇ ಮಾಡಿದರು, ಅವರಿಗೆ ನನ್ನ ನಮಸ್ಕಾರ. ಆದರೆ ನನ್ನದೊಂದು ಪ್ರಶ್ನೆ. ಗೋಡೆ ಉಳಿಸಲು ಎದ್ದವರು ಆ ಗೋಡೆಯೊಳಗಿನ ಅಂಗಡಿ ಸೊರಗುತ್ತಿದ್ದಾಗ ಎಲ್ಲಿದ್ದೆವು? ಕಟ್ಟಡಕ್ಕೆ ಮರುಗುವವರು ಸಿಕ್ಕಾರು, ಕಟ್ಟಡದೊಳಗಿನ ತಕ್ಕಡಿಗೆ ಮರುಗುವವರು ಸಿಗುವುದಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಭಾಲ್ಕಿಯವಳಾಗಿ ನನಗೆ ಚನ್ನಬಸವ ಪಟ್ಟದ್ದೇವರ ನೆನಪಾಗುತ್ತದೆ. ನಿಜಾಮರ ಆಳ್ವಿಕೆಯಲ್ಲಿ ಅವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಈ ಭಾಗದಲ್ಲಿ ಇದನ್ನು ಕೇಳದ ಮಗುವಿಲ್ಲ. ಹೊರಗಿನ ಬೋರ್ಡು ಏನೇ ಇರಲಿ, ಒಳಗಿನ ಕೆಲಸ ತಮ್ಮದು ಎಂದು ಅವರು ತಿಳಿದಿದ್ದರು. ನಾವು ತದ್ವಿರುದ್ಧ ಮಾಡಿದೆವು. ಹೊರಗೆ 'ಸಹಕಾರಿ' ಎಂದು ಕನ್ನಡದಲ್ಲೇ ಚೆಂದದ ಬೋರ್ಡು ಇತ್ತು. ಒಳಗಿನ ಕೆಲಸ ಮಾತ್ರ ನಮ್ಮದಲ್ಲ ಎಂದುಕೊಂಡೆವು. ಅದು ಸರ್ಕಾರದ್ದು, ಸರ್ಕಾರದವರು ನೋಡಿಕೊಳ್ಳುತ್ತಾರೆ ಎಂದೆವು. ಬೋರ್ಡು ನಂಬಿ ಕೆಟ್ಟೆವು.

"ಬಿಡ್ರಿ ಮೇಡಂ, ಹತ್ತು ಜನ ಸೇರಿ ಅಂಗಡಿ ನಡೆಸೋದು ಪುಸ್ತಕದ ಮಾತು" ಎಂದು ಅಂದು ಸ್ಟಾಫ್ ರೂಮಿನಲ್ಲಿ ಒಬ್ಬರು ಹೇಳಿದ್ದರು. ನಾನು ಪಾಠ ಹೇಳುವವಳು, ಪುಸ್ತಕದ ಮಾತನ್ನೇ ಹೇಳುತ್ತೇನೆ. ಆದರೆ ಇವೆಲ್ಲ ನಡೆದದ್ದು.

ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ 28 ಜನ ನೇಕಾರರು ಮತ್ತು ಕೂಲಿಕಾರರು ತಲೆಗೊಂದು ಪೌಂಡು ಕೂಡಿಸಿ, 1844ರ ಡಿಸೆಂಬರ್ 21ರಂದು ಸಣ್ಣ ಅಂಗಡಿ ತೆರೆದರು. ಸಕ್ಕರೆ, ಬೆಣ್ಣೆ, ಹಿಟ್ಟು, ಮೇಣದ ಬತ್ತಿ ಇಷ್ಟೇ ಸಾಮಾನು. ಕಲಬೆರಕೆ ಇಲ್ಲ, ತೂಕದಲ್ಲಿ ಮೋಸವಿಲ್ಲ, ಉದ್ರಿ ಇಲ್ಲ. ಲಾಭ ಬಂದರೆ ಯಾರು ಎಷ್ಟು ಕೊಂಡರೋ ಅಷ್ಟಕ್ಕೆ ತಕ್ಕ ಪಾಲು. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಓಟು. ಮದುವೆಯಾದ ಹೆಂಗಸಿನ ಗಳಿಕೆ ಗಂಡನದೇ ಎಂದು ಕಾನೂನು ಹೇಳುತ್ತಿದ್ದ ಆ ದೇಶದಲ್ಲಿ, ಆ ಅಂಗಡಿಗೆ 1846ರಲ್ಲೇ ಎಲೈಜಾ ಬ್ರಿಯರ್ಲಿ ಎಂಬ ಮಹಿಳೆ ತನ್ನದೇ ಹೆಸರಿನಲ್ಲಿ ಸದಸ್ಯೆಯಾದಳು. ಅವ್ವನ ಷೇರು ಅಪ್ಪನ ಹೆಸರಿಗೆ ಬರೆಯುವುದಕ್ಕೆ ನೂರಿಪ್ಪತ್ತು ವರ್ಷಕ್ಕೂ ಮೊದಲಿನ ಮಾತಿದು!

ವಿಲಾಯತಿ ಮಾತು ಬೇಡವೆಂದರೆ ನಮ್ಮ ದೇಶದ್ದೇ ಕೇಳಿ. ಮದ್ರಾಸಿನ ಟ್ರಿಪ್ಲಿಕೇನ್ ಎಂಬ ಬಡಾವಣೆಯಲ್ಲಿ 1904ರಲ್ಲಿ ಕೆಲವು ಗೃಹಸ್ಥರು ಸೇರಿ ಒಂದು ಸಹಕಾರಿ ಭಂಡಾರ ಕಟ್ಟಿದರು. ಅದು ನೂರು ವರ್ಷ ದಾಟಿ ಬದುಕಿತು. ಮರುವರ್ಷ, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರ ಸಂಘ ಕಟ್ಟಿದರು. ಅಂಥ ನೆಲ ನಮ್ಮದು. ಜಪಾನಿನ ಟೋಕಿಯೋದಲ್ಲಿ 1965ರಲ್ಲಿ ಒಬ್ಬ ಗೃಹಿಣಿ ಇನ್ನೂರು ಹೆಂಗಸರನ್ನು ಕೂಡಿಸಿ, ಎಲ್ಲರೂ ಒಟ್ಟಾಗಿ ಹಾಲಿನ ಮುನ್ನೂರು ಬಾಟಲಿ ಅಗ್ಗದ ದರಕ್ಕೆ ಕೊಂಡರು. ಹಾಲಿನಿಂದ ಶುರುವಾದದ್ದು ಸೆಯಿಕಾತ್ಸು ಕ್ಲಬ್ ಎಂಬ ಸಹಕಾರ ಸಂಘವಾಗಿ, ಲಕ್ಷಗಟ್ಟಲೆ ಮನೆಗಳಿಗೆ ಬೆಳೆಯಿತು. ಯಾವ ಸಾಮಾನು ತರಿಸಬೇಕು, ಯಾವ ರೈತರಿಂದ ತರಿಸಬೇಕು, ಯಾವುದರಲ್ಲಿ ವಿಷವಿದೆ ಎಂದು ಅಲ್ಲಿ ನಿರ್ಧರಿಸುವವರು ಆ ಹೆಂಗಸರೇ. 1965 ಎಂದರೆ ನಮ್ಮ ಸೂಪರ್ ಬಜಾರಿಗಿಂತ ಒಂದೇ ವರ್ಷ ಮೊದಲು. ಅದು ಬೆಳೆಯಿತು, ಇದು ಮುಚ್ಚಿತು. ಅಲ್ಲಿ ಕೊಳ್ಳುವವರೇ ನಡೆಸಿದರು, ಇಲ್ಲಿ ನಾವು ಬರೀ ಕೊಂಡೆವು.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಜಿಲ್ಲೆಯನ್ನೇ ನೋಡಿ. 1990ರ ದಶಕದಲ್ಲಿ ಬೀದರ್ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕು ಹಳ್ಳಿ ಹಳ್ಳಿಯಲ್ಲಿ ಹೆಂಗಸರ ಸ್ವಸಹಾಯ ಗುಂಪುಗಳನ್ನು ಕಟ್ಟಿತು. ಆ ಕೆಲಸಕ್ಕೆ ಗುರುಪಾದಪ್ಪ ನಾಗಮಾರಪಳ್ಳಿಯವರ ಹೆಸರು ಅಂಟಿಕೊಂಡಿದೆ. ಭಾಲ್ಕಿ, ಔರಾದ್ ತಾಲೂಕುಗಳ ಹಳ್ಳಿಗಳಲ್ಲಿ ಹೊಲದ ಕೂಲಿಗೆ ಹೋಗುವ ಹೆಂಗಸರು ವಾರಕ್ಕೆ ಐದು, ಹತ್ತು ರೂಪಾಯಿ ಕೂಡಿಸಿದರು, ತಮ್ಮತಮ್ಮಲ್ಲೇ ಸಾಲ ಕೊಟ್ಟುಕೊಂಡರು, ಕಂತು ಕಟ್ಟಿದರು. ಇದನ್ನು ನೋಡಿ ಕಲಿಯಲು ಬೇರೆ ರಾಜ್ಯಗಳಿಂದ ಜನ ಬೀದರಿಗೆ ಬಂದರು. ಸಹಿ ಮಾಡಲು ಬಾರದ ಅಕ್ಕಂದಿರು ವಾರದ ಸಭೆ ತಪ್ಪಿಸಲಿಲ್ಲ. ಬಿ.ಎಡ್. ಮಾಡಿದ ನಾನು ವರ್ಷದ ಸಭೆಗೆ ಹೋಗಲಿಲ್ಲ. ಹಾಗಾದರೆ ನಮ್ಮ ಹೆಂಗಸರಿಗೆ ಸಹಕಾರ ಬರುವುದಿಲ್ಲ ಎಂದು ಯಾರು ಹೇಳಬಲ್ಲರು? ಬರುವುದಿಲ್ಲ ಎಂಬ ಮಾತು ಪೇಟೆಯ ನಮ್ಮಂಥವರಿಗೆ ಮಾತ್ರ ಸಲ್ಲುತ್ತದೆ.

ಈಗ ಕಾಲುಚೀಲದ ಕತೆಗೆ ಬನ್ನಿ.

ಔರಾದಿನ ಬಸ್ಸಿನ ಕಿಟಕಿಯಿಂದ ನಾನು ದಿನಾ ಹೊಲ ನೋಡುತ್ತೇನೆ. ಮುಂಗಾರಿನಲ್ಲಿ ಹೆಸರು, ಉದ್ದು, ಸೋಯಾ, ಸಾಲು ಸಾಲು ತೊಗರಿ. ಹಿಂಗಾರಿನಲ್ಲಿ ಕಡಲೆ, ಜೋಳ. ಕಳೆ ತೆಗೆಯುವವರು ಹೆಂಗಸರು, ಕಾಯಿ ಬಿಡಿಸುವವರು ಹೆಂಗಸರು. ಸುಗ್ಗಿಯಲ್ಲಿ ಚೀಲಗಳು ಅಡತಿಯವರ ಮನೆ ಸೇರುತ್ತವೆ, ಅಲ್ಲಿಂದ ಲಾರಿ ಹತ್ತುತ್ತವೆ. ಕೆಲವು ತಿಂಗಳ ನಂತರ ಅದೇ ತೊಗರಿ ಬ್ಯಾಳಿಯಾಗಿ, ಹೊಳೆಯುವ ಪ್ಲಾಸ್ಟಿಕ್ ಪೊಟ್ಟಣದಲ್ಲಿ, ಕಂಪನಿಯ ಹೆಸರು ಹೊತ್ತು, ತಣ್ಣನೆಯ ಗಾಳಿ ಬೀಸುವ ಮಾರ್ಟಿಗೆ ಬರುತ್ತದೆ. ನಾವು ಗಾಡಿ ತಳ್ಳಿಕೊಂಡು ಹೋಗಿ, ಹಾಡು ಕೇಳುತ್ತ, ಅದನ್ನು ಎತ್ತಿಕೊಂಡು ದುಡ್ಡು ಕೊಟ್ಟು ಬರುತ್ತೇವೆ. ತನ್ನದೇ ಕಾಲುಚೀಲವನ್ನು ತಾನೇ ಕೊಂಡ ಅರಸನ ಕತೆಗೆ ನಕ್ಕೆವಲ್ಲ? ಅವರಾದರೂ ಅರಸರು, ಖಜಾನೆ ಇತ್ತು. ನಾವು ಯಾವ ಖಜಾನೆಯವರು?

ಮಾರ್ಟಿಗೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ, ನಾನೂ ಹೋಗುತ್ತೇನೆ. ಅಲ್ಲಿ ಬೆಲೆಯ ಚೀಟಿ ಇದೆ, ರಸೀದಿ ಇದೆ, ಹೆಂಗಸು ಒಬ್ಬಳೇ ತಿರುಗಾಡಬಹುದು. ಅವ್ವ ಇದ್ದಿದ್ದರೆ ಅವಳೂ ಹೋಗುತ್ತಿದ್ದಳು. ಆದರೆ ಅಲ್ಲಿ ನಾವು ಗಿರಾಕಿಗಳು, ಅಷ್ಟೇ. ನಾಳೆ ಕಂಪನಿಗೆ ಬೇಡವಾದರೆ ಶಟರ್ ಇಳಿಸುತ್ತದೆ, ನಮ್ಮನ್ನು ಕೇಳುವುದಿಲ್ಲ. ಆಗ ಮತ್ತೆ ಯಾವುದೋ ಸ್ಟಾಫ್ ರೂಮಿನಲ್ಲಿ ಯಾರೋ "ಎಷ್ಟು ಚಲೋ ಅಂಗಡಿ ಇತ್ತು" ಎಂದು ನಿಟ್ಟುಸಿರು ಬಿಡುತ್ತಾರೆ. ಆಬಿಡ್ ಸಾಹೇಬನ ಅಂಗಡಿ ಆತನದಾಗಿತ್ತು, ಆತನ ಸಂಗಡ ಹೋಯಿತು. ಅದಕ್ಕೆ ಯಾರನ್ನೂ ದೂರುವಂತಿಲ್ಲ. ಜನತಾ ಬಜಾರ್ ನಮ್ಮದಾಗಿತ್ತು. ಕಾಗದದ ಮೇಲೆ, ಷೇರಿನ ಮೇಲೆ, ಕಾಯ್ದೆಯ ಪ್ರಕಾರ ನಮ್ಮದೇ ಆಗಿತ್ತು. ನಮ್ಮದನ್ನು ನಾವು ಕಳೆದುಕೊಂಡು ಇನ್ನೊಬ್ಬರನ್ನು ಬಯ್ಯುವುದು ಮಾತ್ರ ನನಗೆ ಸಹಿಸದು.

ಅವ್ವ ತೀರಿಕೊಂಡ ಮೇಲೆ ಅವಳ ಟ್ರಂಕು ತೆಗೆದಾಗ ಆ ಷೇರು ಪತ್ರ ಸಿಕ್ಕಿತು. ಅಂಚು ಹಳದಿಯಾಗಿತ್ತು, ಮೊಹರು ಮಾಸಿತ್ತು. ಅಪ್ಪನ ಹೆಸರಿನ ಕೆಳಗೆ, ಖಾಲಿ ಜಾಗದಲ್ಲಿ, ನೀಲಿ ಶಾಯಿಯ ಒಂದು ಹೆಬ್ಬೆಟ್ಟು ಇತ್ತು. ಯಾರೂ ಕೇಳದ ಹೆಬ್ಬೆಟ್ಟು. ಯಾವಾಗ ಒತ್ತಿದ್ದಳೋ! ನನ್ನ ಕಂಟ್ರೋಲ್ ರೇಟಿನ ನೋಟ್‌ಬುಕ್ಕಿನ ಶಾಯಿಯೇ ಇರಬೇಕು.

ಅಕ್ಕತಂಗಿಯರೇ, ನಿಮ್ಮಲ್ಲಿ ಬಹಳ ಜನರ ಹೆಸರಿನಲ್ಲಿ ಇವತ್ತಿಗೂ ಯಾವುದಾದರೊಂದು ಸಹಕಾರ ಸಂಘದ ಷೇರು ಇದೆ. ಪತ್ತಿನ ಸಂಘವೋ, ಹಾಲಿನ ಸಂಘವೋ, ಮಹಿಳಾ ಸಂಘವೋ, ನೌಕರರ ಸಂಘವೋ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ಆಡಳಿತ ಮಂಡಳಿಯಲ್ಲಿ ಹೆಂಗಸರಿಗೂ ಸ್ಥಾನ ಮೀಸಲಿಟ್ಟಿದೆ. ಆ ಸ್ಥಾನದಲ್ಲಿ ಯಾರೋ ಮುಖಂಡರ ಮನೆಯವರು ಕೂತು ಸಹಿ ಮಾಡಿ ಬರುವುದನ್ನು ನಾವೆಲ್ಲ ನೋಡಿದ್ದೇವೆ, ಸುಮ್ಮನಿದ್ದೇವೆ. ಸಂಘಗಳ ವಾರ್ಷಿಕ ಸಭೆಗಳು ಸಾಮಾನ್ಯವಾಗಿ ನಡೆಯುವುದು ಸೆಪ್ಟೆಂಬರ್ ತಿಂಗಳಲ್ಲಿ. ಈ ಸಲ ನೋಟೀಸು ಬಂದಾಗ ಡಬ್ಬಿಯ ಕೆಳಗೆ ಹಾಸಬೇಡಿ. ಹಿಂದೆ ಅಚ್ಚಾದ ಜಮಾಖರ್ಚು ಓದಿ. ಮನೆಯ ಖರ್ಚು ತೂಗಿಸುವವರಿಗೆ ಅದು ಕಷ್ಟದ ಲೆಕ್ಕವೇನಲ್ಲ. ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ, ಮುಂದಿನ ಸಾಲಿನಲ್ಲಿ ಕೂಡಿ. ಸಾಮಾನು ಎಷ್ಟು ಬಂತು, ಎಷ್ಟು ಹೋಯಿತು, ಬಾಕಿ ಯಾರದು ಎಂದು ಕೇಳಿ. ಉತ್ತರ ಬರುವ ತನಕ ಕೈ ಎತ್ತಬೇಡಿ.

ಆಮೇಲೆ ಬೇಕಿದ್ದರೆ ಶಿರಾ ತಿನ್ನಿ.